ಗಂಡನ ಆಸ್ತಿ ಪ್ರಮಾಣಪತ್ರದಲ್ಲಿ ಸುಳ್ಳಿದೆ: ಫ್ಯಾಮಿಲಿ ಕೋರ್ಟಿನಲ್ಲಿ ತೋರಿಸಿಕೊಡುವುದು ಹೇಗೆ?

ಪ್ರಶ್ನೆ: ನಮ್ಮ ಮದುವೆ 2012ರಲ್ಲಿ ಹಿಂದೂ ಸಂಪ್ರದಾಯದಂತೆ ನಡೆಯಿತು. 2023ರಿಂದ ನಾನು, ಮಗ ಬೇರೆ ಇದ್ದೇವೆ. ವಿಚ್ಛೇದನದ ಜೊತೆಗೆ ಜೀವನಾಂಶಕ್ಕೂ ಅರ್ಜಿ ಹಾಕಿದ್ದೇನೆ. ಪತಿಗೆ ಹಾರ್ಡ್‌ವೇರ್ ಸಗಟು ವ್ಯಾಪಾರವಿದೆ. ಆದರೆ ತಿಂಗಳ ಆದಾಯ 28,000 ರೂಪಾಯಿ ಎಂದು ಕೋರ್ಟಿಗೆ ಪ್ರಮಾಣಪತ್ರ (ಅಫಿಡವಿಟ್) ಕೊಟ್ಟಿದ್ದಾರೆ. 2017ರಲ್ಲಿ ಅವರ ಹೆಸರಿನಲ್ಲಿ ಕೊಂಡ ಮನೆಯ ಕಂತಿಗೆ ನನ್ನ ಸಂಬಳದ ಹಣವೂ ಹೋಗಿದೆ. ಕೋರ್ಟ್ ನೋಟಿಸ್ ತಲುಪಿದ ಮೇಲೆ ಒಂದು ಸೈಟನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡಿದ್ದಾರೆ. ನನ್ನ ಒಡವೆ ಜಂಟಿ ಲಾಕರಿನಲ್ಲಿದೆ. ನಾನು ಖಾಸಗಿ ಶಾಲೆಯ ಶಿಕ್ಷಕಿ, ಸಂಬಳ 22,000. ಅವರ ಆಸ್ತಿಯಲ್ಲಿ ನನಗೆ ಅರ್ಧ ಸಿಗುತ್ತದೆಯೇ? ಅವರ ನಿಜವಾದ ಆದಾಯವನ್ನು ಹೇಗೆ ತೋರಿಸಲಿ?

ಉತ್ತರ: ಮೊದಲು ಅರ್ಧದ ಮಾತು. ಮದುವೆಯಾದ ಕಾರಣಕ್ಕೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಕೊಡಿಸುವ ಕಾನೂನು ನಮ್ಮಲ್ಲಿ ಇಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಉಳಿದುಕೊಂಡಿರುವುದರಿಂದ ಅಲ್ಲಿಯ ಲೆಕ್ಕ ಬೇರೆ. ಕರ್ನಾಟಕದಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದು, ಹಾಗಲ್ಲವೆಂದು ಇನ್ನೊಬ್ಬರು ಸಾಬೀತು ಮಾಡುವವರೆಗೆ. ಗಂಡನ ಸಂಪತ್ತಿಗೆ ಹೆಂಡತಿಯ ಸಂಪತ್ತನ್ನು ಸರಿದೂಗಿಸುವುದು ಜೀವನಾಂಶದ ಉದ್ದೇಶವಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಮತ್ತೆ ಹೇಳಿದೆ.

ಇದನ್ನು ಕೇಳಿ ಕೈಚೆಲ್ಲಬೇಡಿ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳು ಕಲೆತಿವೆ. ಒಡವೆ ಮತ್ತು ಮನೆಗೆ ಹಾಕಿದ ಹಣ ನಿಮ್ಮದೇ ಸ್ವತ್ತಿನ ಪ್ರಶ್ನೆ. ವ್ಯಾಪಾರದ ವರಮಾನ ಅವರು ಎಷ್ಟು ಕೊಡಬಲ್ಲರು ಎಂಬ ಪ್ರಶ್ನೆ. ಸೈಟಿನದು ಕೈಜಾರುತ್ತಿರುವುದನ್ನು ತಡೆಯುವ ಪ್ರಶ್ನೆ. ಒಂದೊಂದಕ್ಕೂ ಕಲಮು ಬೇರೆ, ಸಾಕ್ಷ್ಯ ಬೇರೆ. ಎಲ್ಲವನ್ನೂ ಜೀವನಾಂಶದ ಒಂದೇ ಅರ್ಜಿಯಲ್ಲಿ ತುಂಬಿದರೆ "ಹಕ್ಕಿನ ತಕರಾರನ್ನು ಇಲ್ಲಿ ತೀರ್ಮಾನಿಸಲಾಗದು" ಎಂಬ ಒಂದು ಸಾಲಿನಲ್ಲಿ ಅರ್ಧಕ್ಕರ್ಧ ಕೇಳಿಕೆಗಳು ಬಿದ್ದುಹೋಗುತ್ತವೆ. ಹೀಗೆ ಬಿದ್ದ ಪ್ರಕರಣಗಳು ಬಹಳ.

ಈಗ ಪ್ರಮಾಣಪತ್ರಕ್ಕೆ ಬರೋಣ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ "ರಜನೇಶ್ ವಿರುದ್ಧ ನೇಹಾ" ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ, ಯಾವ ಕಾಯ್ದೆಯಡಿ ಜೀವನಾಂಶ ಕೇಳಿದರೂ ಗಂಡ ಹೆಂಡತಿ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಎದುರುದಾರರಿಗೆ ಹೆಚ್ಚೆಂದರೆ ನಾಲ್ಕು ವಾರ. ಎರಡು ಅವಕಾಶಕ್ಕಿಂತ ಹೆಚ್ಚು ಕೊಡಬಾರದು. ಬೇಕೆಂದೇ ಎಳೆದಾಡಿದರೆ ಅವರ ಪ್ರತಿವಾದವನ್ನೇ ತೆಗೆದುಹಾಕಬಹುದು. ಪ್ರಮಾಣಪತ್ರ ಕೊಡದೆಯೇ ಇದ್ದರೆ ಅರ್ಜಿದಾರರು ಹೇಳಿದ್ದನ್ನೂ ಕಡತದಲ್ಲಿರುವುದನ್ನೂ ಆಧರಿಸಿ ಆದೇಶ ಮಾಡಬಹುದು. ಪ್ರಮಾಣಪತ್ರಗಳು ಬಂದ ಮೇಲೆ ನಾಲ್ಕರಿಂದ ಆರು ತಿಂಗಳಲ್ಲಿ ಮಧ್ಯಂತರ ಜೀವನಾಂಶ ತೀರ್ಮಾನವಾಗಬೇಕು. ಮತ್ತು ಜೀವನಾಂಶ ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ.

ಪ್ರಮಾಣಪತ್ರ ಹೇಗಿರಬೇಕೆಂಬ ನಮೂನೆಯನ್ನೂ ಆ ತೀರ್ಪೇ ಕೊಟ್ಟಿದೆ. ಅದನ್ನು ಪೂರ್ತಿ ಓದುವವರು ಕಡಿಮೆ. ನಿಮ್ಮ ಪತಿ ಸಲ್ಲಿಸಿದ್ದನ್ನು ಮೂಲ ನಮೂನೆಯ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ನೋಡಿ. ಕೃಷಿಕರಲ್ಲದವರ ನಮೂನೆಯಲ್ಲಿ ಮೂರು ಕಾಲಘಟ್ಟದ ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ: ಮದುವೆಗೆ ಒಂದು ವರ್ಷ ಮೊದಲಿನದು, ಬೇರೆಯಾಗುವುದಕ್ಕೆ ಒಂದು ವರ್ಷ ಮೊದಲಿನದು, ಅರ್ಜಿ ಹಾಕಿದ ಸಮಯದ್ದು. ಬೇರೆಯಾಗುವ ಮುಂಚಿನ ವರ್ಷದ್ದೇ ನಿಮಗೆ ಹೆಚ್ಚು ಬೆಲೆಯುಳ್ಳದ್ದು. ಜಗಳ ಕೋರ್ಟಿಗೆ ಬರುವ ಮುನ್ನ ವ್ಯಾಪಾರ ಎಷ್ಟಿತ್ತು, ಬಂದ ಮೇಲೆ ಏಕೆ ಕುಸಿಯಿತು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಎಲ್ಲ ಬ್ಯಾಂಕ್ ಖಾತೆಗಳ ಕಳೆದ ಮೂರು ವರ್ಷದ ವಿವರ ಕೊಡಬೇಕು. ಠೇವಣಿ, ಡಿಮ್ಯಾಟ್ ಖಾತೆ, ವಿಮೆ, ವಾಹನ, ಒಡವೆ ಎಲ್ಲವನ್ನೂ ನಮೂದಿಸಬೇಕು. ವ್ಯಾಪಾರಸ್ಥರಿಗೆ ಪ್ರತ್ಯೇಕ ಭಾಗವಿದೆ. ಮದುವೆಯ ಅವಧಿಯಲ್ಲಿ ಮಾರಿದ, ವರ್ಗಾಯಿಸಿದ ಆಸ್ತಿಗಳ ವಿವರ ಮತ್ತು ಕಾರಣ ಬರೆಯುವ ಅಂಕಣವೂ ಇದೆ. ಸೈಟಿನ ದಾನಪತ್ರ ಅಲ್ಲಿ ಕಾಣಿಸಿಕೊಳ್ಳಲೇಬೇಕು. ಕಾಣಿಸದಿದ್ದರೆ ಅದೇ ನಿಮ್ಮ ಮೊದಲ ಗಟ್ಟಿ ಆಧಾರ.

ಇನ್ನೊಂದು ಅಂಕಣ ನಿಮ್ಮದೇ ಪ್ರಮಾಣಪತ್ರದಲ್ಲಿದೆ. ಎದುರು ಪಕ್ಷದವರ ಆದಾಯ, ಆಸ್ತಿ, ಸಾಲದ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆಯುವ ಜಾಗ ಅದು. ಹೆಚ್ಚಿನವರು ಅಲ್ಲಿ "ಗೊತ್ತಿಲ್ಲ" ಎಂದು ಗೀಚಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಗಡಿಯ ಹೆಸರು, ಜಿಎಸ್‌ಟಿ ಸಂಖ್ಯೆ, ಗೋದಾಮಿನ ವಿಳಾಸ, ಕೆಲಸಗಾರರ ಸಂಖ್ಯೆ, ವಾಹನಗಳ ನಂಬರು, ಮಗನ ಶಾಲೆಯ ಫೀಸು ಯಾವ ಖಾತೆಯಿಂದ ಹೋಗುತ್ತಿತ್ತು, ಯಾವ ಬ್ಯಾಂಕಿನ ಯಾವ ಶಾಖೆ, ಎಲ್ಲವನ್ನೂ ಬರೆಯಿರಿ. ನೀವು ಈಗಾಗಲೇ ಖಾಲಿ ಬಿಟ್ಟು ಸಲ್ಲಿಸಿದ್ದರೆ ಪೂರಕ ಪ್ರಮಾಣಪತ್ರ ಹಾಕಲು ಅನುಮತಿ ಕೇಳಿ. ಈ ಅಂಕಣದಲ್ಲಿ ನಿರ್ದಿಷ್ಟವಾಗಿ ಬರೆದದ್ದಕ್ಕೆ ಅವರು ನಿರ್ದಿಷ್ಟವಾಗಿ ಉತ್ತರಿಸಬೇಕಾಗುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಸಾಬೀತು ಮಾಡುವ ಹೊಣೆ ಅವರದೇ ಎನ್ನುತ್ತದೆ ಹಳೆಯ ಸಾಕ್ಷ್ಯ ಕಾಯ್ದೆಯ 106ನೇ ಕಲಮು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 109. ಗಂಡನ ಆದಾಯಕ್ಕೂ ಇದು ಅನ್ವಯಿಸುತ್ತದೆ ಎಂದು ರಜನೇಶ್ ತೀರ್ಪೇ ಹೇಳಿದೆ.

ಆದರೆ ಪ್ರಮಾಣಪತ್ರ ಸುಳ್ಳು ಎಂದು ಬಾಯಲ್ಲಿ ಹೇಳಿದರೆ ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ. ದಾಖಲೆ ತರಿಸಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಡಿ (ನಿಯಮಗಳ ಗುಂಪನ್ನು ಆ ಸಂಹಿತೆಯಲ್ಲಿ "ಆದೇಶ" ಎನ್ನುತ್ತಾರೆ) ಎರಡು ಅಸ್ತ್ರಗಳಿವೆ. ಒಂದು, ಕೋರ್ಟಿನ ಅನುಮತಿ ಪಡೆದು ಲಿಖಿತ ಪ್ರಶ್ನಾವಳಿ ಕಳಿಸುವುದು. ಇನ್ನೊಂದು, ದಾಖಲೆ ಹಾಜರುಪಡಿಸಲು ಆದೇಶ ಕೇಳುವುದು. ಬ್ಯಾಂಕ್ ಮತ್ತು ಇಲಾಖೆಗಳಿಂದ ತರಿಸಲು 16ನೇ ಆದೇಶದಡಿ ಸಮನ್ಸ್ ಕೇಳಬಹುದು. "ಎದುರುದಾರರ ಎಲ್ಲ ಹಣಕಾಸು ದಾಖಲೆಗಳನ್ನು ಕೊಡಿಸಬೇಕು" ಎಂದು ಬರೆದ ಅರ್ಜಿ ಸಾಮಾನ್ಯವಾಗಿ ವಜಾ ಆಗುತ್ತದೆ, ಸುಮ್ಮನೆ ಬಲೆ ಬೀಸುತ್ತಿದ್ದಾರೆ ಎಂಬ ಆಕ್ಷೇಪಕ್ಕೆ ಅದು ಅವಕಾಶ ಕೊಡುತ್ತದೆ. ಯಾವ ದಾಖಲೆ, ಯಾವ ಅವಧಿಯದು, ಅದು ಯಾವ ಅಂಶವನ್ನು ತೋರಿಸುತ್ತದೆ, ಈ ಮೂರನ್ನು ಪ್ರತಿ ಸಾಲಿನಲ್ಲೂ ಬರೆಯಿರಿ.

ನಿಮ್ಮ ಪ್ರಕರಣದಲ್ಲಿ ನಾನು ಮೊದಲು ಕೇಳುವುದು ರಿಟರ್ನಿನ ಪೂರ್ಣ ಪ್ರತಿ, ಬರೀ ಒಂದು ಪುಟದ ಸ್ವೀಕೃತಿಯಲ್ಲ. ವರ್ಷದಲ್ಲಿ ಚಾಲ್ತಿಯಲ್ಲಿದ್ದ ಬ್ಯಾಂಕ್ ಖಾತೆಗಳನ್ನೆಲ್ಲ ರಿಟರ್ನಿನಲ್ಲಿ ನಮೂದಿಸಬೇಕೆಂಬ ನಿಯಮ ಇರುವುದರಿಂದ, ಪ್ರಮಾಣಪತ್ರದಲ್ಲಿ ಎರಡು ಖಾತೆ ತೋರಿಸಿ ರಿಟರ್ನಿನಲ್ಲಿ ನಾಲ್ಕು ತೋರಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ. ಜೊತೆಗೆ ಅವರ ಹೆಸರಿನಲ್ಲಿ ಕಡಿತವಾದ, ಕಟ್ಟಿದ ತೆರಿಗೆಯ ವಿವರವಿರುವ ಫಾರಂ 26ಎಎಸ್ ಮತ್ತು ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್. ಬಡ್ಡಿ, ಲಾಭಾಂಶ, ಷೇರು ಮತ್ತು ಮ್ಯೂಚುವಲ್ ಫಂಡ್ ವ್ಯವಹಾರ, ಆಸ್ತಿ ಖರೀದಿ ಇವೆಲ್ಲ ಇಲಾಖೆಗೆ ಬೇರೆ ಮೂಲಗಳಿಂದ ಬಂದು ಆ ಪಟ್ಟಿಯಲ್ಲಿ ಕೂತಿರುತ್ತವೆ. ಅದನ್ನು ಅವರೇ ತಮ್ಮ ಲಾಗಿನ್‌ನಿಂದ ಇಳಿಸಿ ಸಲ್ಲಿಸುವಂತೆ ಆದೇಶ ಕೇಳುವುದು ಸುಲಭದ ದಾರಿ. ಮಾಹಿತಿ ಹಕ್ಕಿನಲ್ಲಿ ಗಂಡನ ರಿಟರ್ನ್ ಕೇಳಲು ಹೋಗಿ ತಿಂಗಳುಗಟ್ಟಲೆ ಕಳೆಯಬೇಡಿ. ರಿಟರ್ನ್ ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ, ಇಲಾಖೆ ಅದನ್ನೇ ತೋರಿಸಿ ನಿರಾಕರಿಸುತ್ತದೆ. ಕೋರ್ಟಿನ ಆದೇಶಕ್ಕೆ ಆ ಅಡ್ಡಿಯಿಲ್ಲ. ಆದೇಶವಾದ ಮೇಲೂ ಕೊಡದಿದ್ದರೆ, ಕೊಟ್ಟಿದ್ದರೆ ಅವರಿಗೇ ಪ್ರತಿಕೂಲವಾಗುತ್ತಿತ್ತು ಎಂದು ಊಹಿಸಿಕೊಳ್ಳಲು ಸಾಕ್ಷ್ಯ ಅಧಿನಿಯಮದ 119ನೇ ಕಲಮು ಕೋರ್ಟಿಗೆ ಅಧಿಕಾರ ಕೊಡುತ್ತದೆ.

ವ್ಯಾಪಾರಿಯ ಆದಾಯವನ್ನು ಅಳೆಯುವ ಬಗೆಯನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ತಿಂಗಳಿಗೆ 28,000 ಎಂದರೆ ವರ್ಷಕ್ಕೆ 3.36 ಲಕ್ಷ. ಸಣ್ಣ ವ್ಯಾಪಾರಿಗಳು ಅಂದಾಜು ಆದಾಯದ ಪದ್ಧತಿಯಲ್ಲಿ, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಡಿ, ಬ್ಯಾಂಕಿನ ಮೂಲಕ ಬಂದ ವಹಿವಾಟಿನ ಕನಿಷ್ಠ ಶೇ. 6ರಷ್ಟನ್ನೂ ನಗದಿನ ಶೇ. 8ರಷ್ಟನ್ನೂ ಲಾಭವೆಂದು ತೋರಿಸುತ್ತಾರೆ. ಶೇ. 6ರ ಲೆಕ್ಕದಲ್ಲಿ 3.36 ಲಕ್ಷ ಲಾಭಕ್ಕೆ ವಹಿವಾಟು 56 ಲಕ್ಷ. ಈಗ ಚಾಲ್ತಿ ಖಾತೆಗೆ ವರ್ಷದಲ್ಲಿ 1.80 ಕೋಟಿ ಜಮೆಯಾಗಿದೆ ಎಂದು ಇಟ್ಟುಕೊಳ್ಳಿ. ಅಷ್ಟನ್ನೂ ವ್ಯಾಪಾರವೆಂದು ವಾದಿಸಬೇಡಿ, ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲರ ಪ್ರಶ್ನೆಗಳ ಮುಂದೆ, ನಿಮ್ಮ ಲೆಕ್ಕವೇ ಕುಸಿಯುತ್ತದೆ. ಸಾಲದಿಂದ ಬಂದದ್ದು ಮತ್ತು ಅವರದೇ ಇನ್ನೊಂದು ಖಾತೆಯಿಂದ ಬಂದದ್ದು 20 ಲಕ್ಷವೆಂದು ಕಳೆಯಿರಿ, ಉಳಿಯುವುದು 1.60 ಕೋಟಿ. ಅದರೊಳಗೆ ಶೇ. 18ರ ಜಿಎಸ್‌ಟಿ ಸೇರಿದ್ದರೆ 1.18ರಿಂದ ಭಾಗಿಸಿ, ಸುಮಾರು 1.36 ಕೋಟಿ ಬರುತ್ತದೆ. ಅದರ ಶೇ. 6 ಎಂದರೆ 8.13 ಲಕ್ಷ, ತಿಂಗಳಿಗೆ ಹತ್ತಿರ ಹತ್ತಿರ 68,000. ಇದು ಕನಿಷ್ಠ ಅಂದಾಜು, ಹಾಗಾಗಿಯೇ ಇದಕ್ಕೆ ತೂಕ. ಜಿಎಸ್‌ಟಿ ಮಾಸಿಕ ರಿಟರ್ನಿನ ವಹಿವಾಟು ಇದಕ್ಕೆ ಹೊಂದಿದರೆ ಅವರ ಬಳಿ ಉತ್ತರ ಉಳಿಯುವುದಿಲ್ಲ.

ಇನ್ನೊಂದು ದಾಖಲೆ ವಕೀಲರಲ್ಲೂ ಹಲವರಿಗೆ ಹೊಳೆಯುವುದಿಲ್ಲ: ಸಾಲದ ಅರ್ಜಿ. 2017ರ ಗೃಹಸಾಲಕ್ಕೆ, ಆಮೇಲೆ ಕಾರಿಗೋ ಓವರ್‌ಡ್ರಾಫ್ಟಿಗೋ ಅರ್ಜಿ ಹಾಕುವಾಗ ಅವರು ಬ್ಯಾಂಕಿಗೆ ತಮ್ಮ ಆದಾಯ, ಆಸ್ತಿಪಟ್ಟಿ, ಲೆಕ್ಕಪರಿಶೋಧಕರ ಪತ್ರ ಎಲ್ಲ ಕೊಟ್ಟಿರುತ್ತಾರೆ. ಸಾಲ ಬೇಕಾದಾಗ ಯಾರೂ ಆದಾಯ ಕಡಿಮೆ ತೋರಿಸುವುದಿಲ್ಲ. ಆ ಕಡತವನ್ನು ಶಾಖೆಯಿಂದ ಸಮನ್ಸ್ ಮೂಲಕ ತರಿಸಿ, ಪ್ರಮಾಣಪತ್ರದ ಎದುರು ಇಟ್ಟು ಪಾಟೀಸವಾಲು ಮಾಡಿಸಿ. ಬ್ಯಾಂಕ್ ದಾಖಲೆಗಳಿಗೆ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ದೃಢೀಕರಣ ಪತ್ರ ಇರಲಿ. ಖರ್ಚಿನ ಪಟ್ಟಿಯನ್ನೂ ಜೋಡಿಸಿ: ಕಂತು, ವಿಮೆಯ ಪ್ರೀಮಿಯಂ, ಕ್ರೆಡಿಟ್ ಕಾರ್ಡ್ ಬಿಲ್ಲು. 28,000 ಆದಾಯದವರು ತಿಂಗಳಿಗೆ 45,000 ಕಟ್ಟುತ್ತಿದ್ದರೆ ಉಳಿದದ್ದು ಎಲ್ಲಿಂದ ಬಂತೆಂದು ಅವರೇ ಹೇಳಬೇಕು.

ಒಂದು ಎಚ್ಚರಿಕೆ. ಅವರ ಇಮೇಲ್ ಅಥವಾ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಗೊತ್ತಿದೆಯೆಂದು ಒಳಗೆ ಹೊಕ್ಕು ನೋಡಬೇಡಿ. ಅನುಮತಿಯಿಲ್ಲದ ಪ್ರವೇಶ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ಅಪರಾಧವಾಗಬಹುದು. ಕೋರ್ಟ್ ಮೂಲಕ ಸಿಗುವುದಕ್ಕಾಗಿ ನಿಮ್ಮ ಮೇಲೊಂದು ಕ್ರಿಮಿನಲ್ ದೂರು ತಂದುಕೊಳ್ಳುವುದು ಬೇಡ. ನಿಮ್ಮ ಫೋನಿಗೆ ಅವರೇ ಕಳಿಸಿದ ಸಂದೇಶ, ಸ್ಟೇಟ್‌ಮೆಂಟ್‌ಗಳನ್ನು ಧಾರಾಳವಾಗಿ ಬಳಸಿ, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ದೃಢೀಕರಣ ಪತ್ರ ಲಗತ್ತಿಸಿ. ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 14ನೇ ಕಲಮು ಸಾಕ್ಷ್ಯದ ನಿಯಮಗಳನ್ನು ಸಡಿಲಿಸುತ್ತದೆ ನಿಜ, ಆದರೂ ಮೇಲ್ಮನವಿಯಲ್ಲಿ ಆಕ್ಷೇಪಕ್ಕೆ ಎಡೆ ಕೊಡಬಾರದು.

ನಿಮ್ಮ ಸಂಬಳದ ವಿಚಾರ. 22,000 ಇದೆಯೆಂಬ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ. ಆ ಹಣದಲ್ಲಿ ಗಂಡನ ಮನೆಯಲ್ಲಿದ್ದ ಮಟ್ಟದಲ್ಲಿ ಬದುಕಲು ಸಾಧ್ಯವೇ ಎಂಬುದಷ್ಟೇ ಪ್ರಶ್ನೆ. ಮಗನ ಖರ್ಚಂತೂ ಪ್ರತ್ಯೇಕ. ಆದರೆ ಸಂಬಳ, ನಿಮ್ಮ ಹೆಸರಿನ ಠೇವಣಿ, ತವರಿನಿಂದ ಬಂದ ಪಾಲು ಒಂದನ್ನೂ ಮುಚ್ಚಿಡಬೇಡಿ. ಅವರ ಸುಳ್ಳನ್ನು ಹಿಡಿಯಲು ಹೊರಟವರ ಪ್ರಮಾಣಪತ್ರದಲ್ಲೇ ಒಂದು ಟ್ಯೂಷನ್ ಆದಾಯ ಬಿಟ್ಟುಹೋಗಿದ್ದರೂ ಇಡೀ ಅರ್ಜಿಯ ನಂಬಿಕೆ ಹೋಗುತ್ತದೆ. ಮೊತ್ತಕ್ಕೆ ಸಿದ್ಧಸೂತ್ರವಿಲ್ಲ. ನಿವ್ವಳ ಸಂಬಳದ ಶೇ. 25 ಎಂದು ಎಲ್ಲರೂ ಹೇಳುವ ಅಂಕಿ ಸುಪ್ರೀಂ ಕೋರ್ಟಿನ 2017ರ ಒಂದು ತೀರ್ಪಿನದು, ಅದು ಕಟ್ಟುನಿಟ್ಟಿನ ನಿಯಮವಲ್ಲ.

ಮನೆಯದು ಬೇರೆಯೇ ದಾವೆ. ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 7ನೇ ಕಲಮಿನ ವಿವರಣೆಯ (ಸಿ) ಉಪಖಂಡ ದಂಪತಿಯ ಆಸ್ತಿ ವ್ಯಾಜ್ಯವನ್ನು ಇದೇ ಕೋರ್ಟಿಗೆ ತರಲು ಅವಕಾಶ ಕೊಡುತ್ತದೆ. ನಿಮ್ಮ ಹಣ ಅವರ ಹೆಸರಿನ ಮನೆಗೆ ಹೋಗಿದ್ದರೆ ಒಬ್ಬರ ಹಣದಲ್ಲಿ ಇನ್ನೊಬ್ಬರ ಹೆಸರಿಗೆ ಆಸ್ತಿ ಕೊಳ್ಳುವುದನ್ನು ನಿಷೇಧಿಸುವ ಬೇನಾಮಿ ಕಾಯ್ದೆ ಅಡ್ಡ ಬರುತ್ತದೆಂದು ಹೆದರಿಸುವವರಿದ್ದಾರೆ. ಗೊತ್ತಿರುವ ಆದಾಯ ಮೂಲದಿಂದ ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿ ಕೊಂಡ ಆಸ್ತಿಗೆ ಆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಸಂಬಳ ಗೊತ್ತಿರುವ ಮೂಲವೇ. ತೊಂದರೆ ಬರುವುದು ಸಾಕ್ಷ್ಯದಲ್ಲಿ. ಸಂಬಳದ ಖಾತೆಯಿಂದ ನೇರವಾಗಿ ಕಂತಿನ ಖಾತೆಗೆ ಹೋದ ಹಣ ನಿಲ್ಲುತ್ತದೆ. ಕೈಗೆ ಕೊಟ್ಟ ನಗದು, ಮನೆ ಖರ್ಚಿಗೆಂದು ಕಳಿಸಿದ್ದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಬರೀ ಕೆಲವು ಕಂತು ಕಟ್ಟಿದ್ದರಿಂದ ಮಾಲೀಕತ್ವ ಬಂದೇಬಿಡುತ್ತದೆ ಎಂದೂ ಇಲ್ಲ. ಕೊಳ್ಳುವಾಗಲೇ ಇಬ್ಬರ ಮನೆಯೆಂಬ ಉದ್ದೇಶವಿತ್ತು ಎಂಬುದಕ್ಕೆ ಆಧಾರ ಬೇಕು, ಪರ್ಯಾಯವಾಗಿ ಹಣ ವಾಪಸು ಕೇಳಬೇಕು. 2017ರಿಂದ ತಿಂಗಳು ತಿಂಗಳಿನ ಪಟ್ಟಿ ಮಾಡಿ. ಹಕ್ಕು ಘೋಷಣೆಗೂ ಹಣ ವಸೂಲಿಗೂ ಕಾಲಮಿತಿ ಮೂರು ವರ್ಷ. ಹಕ್ಕನ್ನು ಅವರು ಮೊದಲು ಯಾವಾಗ ನಿರಾಕರಿಸಿದರು ಎಂಬ ದಿನಾಂಕವನ್ನು ವಕೀಲರಿಗೆ ಇವತ್ತೇ ತಿಳಿಸಿ. ಗೃಹಸಾಲಕ್ಕೆ ನೀವೂ ಸಹಿ ಹಾಕಿದ್ದರೆ ವಿಚ್ಛೇದನವಾದರೂ ಬ್ಯಾಂಕಿನ ಮಟ್ಟಿಗೆ ನೀವು ಸಾಲಗಾರರೇ, ಅದನ್ನೂ ನಿಮ್ಮ ಹೊಣೆಗಳ ಪಟ್ಟಿಯಲ್ಲಿ ಬರೆಯಿರಿ.

ಸೈಟಿಗೆ ತುರ್ತು ಹೆಚ್ಚು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದಾನಪತ್ರದ ದೃಢೀಕೃತ ಪ್ರತಿ ಪಡೆಯಿರಿ. ಸ್ಥಿರಾಸ್ತಿ ನೋಂದಣಿಯ ಪ್ರತಿ ಕೇಳಲು ನೀವು ಪಕ್ಷಕಾರರಾಗಿರಬೇಕಿಲ್ಲ. ನೋಟಿಸ್ ಜಾರಿಯಾದ ದಿನಾಂಕ ಮತ್ತು ನೋಂದಣಿಯ ದಿನಾಂಕ ಅಕ್ಕಪಕ್ಕ ನಿಂತರೆ ಉದ್ದೇಶ ತಾನಾಗಿ ಕಾಣುತ್ತದೆ. ಜೀವನಾಂಶದ ಅರ್ಜಿ ಬಾಕಿಯಿದೆ, ಆದ್ದರಿಂದ ಆಸ್ತಿ ವರ್ಗಾವಣೆ ತಾನೇ ಅಸಿಂಧು ಎಂದು ನಂಬಿ ಕೂರಬೇಡಿ. ಆಸ್ತಿ ಹಸ್ತಾಂತರ ಕಾಯ್ದೆಯ 52ನೇ ಕಲಮು ಅನ್ವಯಿಸಬೇಕಾದರೆ ಆ ಸ್ಥಿರಾಸ್ತಿಯ ಮೇಲಿನ ಹಕ್ಕೇ ವ್ಯಾಜ್ಯದಲ್ಲಿರಬೇಕು. ಆದ್ದರಿಂದ ಉಳಿದ ಆಸ್ತಿಗಳ ಷೆಡ್ಯೂಲನ್ನು (ವಿವರಪಟ್ಟಿಯನ್ನು) ಅರ್ಜಿಗೆ ಸೇರಿಸಿ, ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಶಾಶ್ವತ ಜೀವನಾಂಶಕ್ಕೆ ಅವುಗಳ ಮೇಲೆ ಹೊಣೆ (ಚಾರ್ಜ್) ಕಟ್ಟಿಕೊಡಿ ಎಂದು ಕೇಳಿ. ಪರಭಾರೆ ಮಾಡದಂತೆ ಸಿವಿಲ್ ಸಂಹಿತೆಯ 39ನೇ ಆದೇಶದಡಿ ತಡೆಯಾಜ್ಞೆಯನ್ನೂ ಕೇಳಿ. ಕೌಟುಂಬಿಕ ದೌರ್ಜನ್ಯವೂ ನಡೆದಿದ್ದರೆ 2005ರ ಕಾಯ್ದೆಯ 18ನೇ ಕಲಮಿನಡಿ ಆಸ್ತಿ ಮಾರಾಟವನ್ನೂ ಬ್ಯಾಂಕ್ ಖಾತೆ, ಲಾಕರ್ ಬಳಕೆಯನ್ನೂ ನಿರ್ಬಂಧಿಸಬಹುದು. ಆ ಪರಿಹಾರಗಳನ್ನು 26ನೇ ಕಲಮಿನ ಪ್ರಕಾರ ಫ್ಯಾಮಿಲಿ ಕೋರ್ಟಿನಲ್ಲೇ ಕೇಳಲು ಬರುತ್ತದೆ. ದಾನಪತ್ರ ರದ್ದಾಗುವುದು ಬಿಡುವುದು ಮೈದುನನನ್ನೂ ಪಕ್ಷಕಾರನನ್ನಾಗಿ ಮಾಡಿದ ಮೇಲಿನ ಮಾತು. ಅದು ರದ್ದಾಗದಿದ್ದರೂ, ಅಷ್ಟು ಬೆಲೆಯ ಸೈಟನ್ನು ಬಿಟ್ಟಿಯಾಗಿ ಕೊಡಬಲ್ಲವರ ಶಕ್ತಿ 28,000 ಅಲ್ಲ ಎಂಬ ವಾದಕ್ಕೆ ಅದೇ ಪತ್ರ ಸಾಕ್ಷಿ.

ಒಡವೆಯ ಮೇಲೆ ಗಂಡನಿಗೆ ಹಕ್ಕಿಲ್ಲ. ಸ್ತ್ರೀಧನ ಹೆಂಡತಿಯ ಸ್ವಂತದ್ದು ಎಂದು 1985ರಿಂದ 2024ರವರೆಗೆ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಸೋಲುವುದು ಪಟ್ಟಿಯಿಲ್ಲದ್ದರಿಂದ. ಪ್ರತಿ ಒಡವೆಗೂ ತೂಕ ಎಷ್ಟು ಗ್ರಾಂ, ಯಾರು ಕೊಟ್ಟದ್ದು, ಬಿಲ್ಲು ಅಥವಾ ಮದುವೆ ಫೋಟೊ ಯಾವುದು ಎಂದು ಬರೆಯಿರಿ. ಲಾಕರಿನೊಳಗೆ ಏನಿದೆ ಎಂಬುದು ಬ್ಯಾಂಕಿಗೆ ಗೊತ್ತಿರುವುದಿಲ್ಲ, ಆದರೆ ಯಾರು ಯಾವ ದಿನ ತೆರೆದರು ಎಂಬ ದಾಖಲೆ ಅವರಲ್ಲಿರುತ್ತದೆ. ಅದನ್ನು ತರಿಸಿ. ನೀವೊಬ್ಬರೇ ಹೋಗಿ ತೆರೆದರೆ ನೀವೇ ಒಯ್ದಿರಿ ಎಂಬ ಮಾತು ಬರುತ್ತದೆ. ಕೋರ್ಟ್ ಕಮಿಷನರ್ ಎದುರಿನಲ್ಲಿ, ಚಿನ್ನದ ಮೌಲ್ಯಮಾಪಕರನ್ನು ಇಟ್ಟುಕೊಂಡು ತೆರೆಸಿ.

ಸುಳ್ಳು ಪ್ರಮಾಣಪತ್ರಕ್ಕೆ ಶಿಕ್ಷೆ ಕೊಡಿಸಬೇಕೆಂಬ ಸಿಟ್ಟು ಸಹಜ. ಅದಕ್ಕೆ ಕ್ರಮ ಕೋರುವ, ಹಿಂದೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 340 ಎನ್ನುತ್ತಿದ್ದ ಅರ್ಜಿ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 379ನೇ ಕಲಮಿನದು. ಅದನ್ನು ಆರಂಭದಲ್ಲೇ ಹಾಕಿದರೆ ಜೀವನಾಂಶದ ವಿಚಾರಣೆ ಪಕ್ಕಕ್ಕೆ ಸರಿದು ವಾಯಿದೆಗಳೆಲ್ಲ ಅದರಲ್ಲೇ ಕಳೆಯುತ್ತವೆ. ಬ್ಯಾಂಕ್ ದಾಖಲೆ ಬಂದು, ಪಾಟೀಸವಾಲಿನಲ್ಲಿ ಅವರ ಉತ್ತರ ದಾಖಲಾದ ಮೇಲೆ ಹಾಕಿ.

ಮಧ್ಯಂತರ ಆದೇಶಕ್ಕೆ ಕೌಟುಂಬಿಕ ನ್ಯಾಯಾಲಯ ಕಾಯ್ದೆಯಡಿ ಮೇಲ್ಮನವಿ ಇಲ್ಲ, ಹೈಕೋರ್ಟಿಗೆ ರಿಟ್ ಅರ್ಜಿಯೇ ದಾರಿ. ಆದೇಶವಾಗಿಯೂ ಹಣ ಬರದಿದ್ದರೆ ಆದೇಶವನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಹಾಕಬೇಕು. ಸಂಬಳದಾರರಾಗಿದ್ದರೆ ಜೀವನಾಂಶದ ಡಿಕ್ರಿಗೆ ಸಂಬಳದ ಮೂರರಲ್ಲಿ ಎರಡು ಪಾಲಿನವರೆಗೆ ಜಪ್ತಿ ಮಾಡಬಹುದು. ನಿಮ್ಮ ಪತಿ ವ್ಯಾಪಾರಿಯಾದ್ದರಿಂದ ಚಾಲ್ತಿ ಖಾತೆಯನ್ನೂ ಗಿರಾಕಿಗಳಿಂದ ಅವರಿಗೆ ಬರಬೇಕಾದ ಬಾಕಿಯನ್ನೂ ಜಪ್ತಿಗೆ ಕೇಳಿ. ಸಿವಿಲ್ ಸಂಹಿತೆಯ 21ನೇ ಆದೇಶದ 41ನೇ ನಿಯಮದಡಿ ಅವರಿಂದ ಮತ್ತೊಮ್ಮೆ ಆಸ್ತಿಯ ಪ್ರಮಾಣಪತ್ರ ತರಿಸಬಹುದು. ಆ ಆದೇಶ ಪಾಲಿಸದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗಿದೆ. ಜೀವನಾಂಶಕ್ಕೆ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 125, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಆದೇಶ ಪಡೆದಿದ್ದರೆ ಪ್ರತಿ ಬಾಕಿಗೂ ಅದು ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿ. ವರ್ಷ ಮೀರಿದ ಬಾಕಿಗೆ ಆ ಕಲಮಿನಡಿ ವಾರಂಟು ಹೊರಡುವುದಿಲ್ಲ.